ಹಿಸ್ಟರಿ ಅಳಿಸುವ ಮೊದಲು ಒಮ್ಮೆ ನೋಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಫೋನು, ಕಂಪ್ಯೂಟರಿನ ಬ್ರೌಸಿಂಗ್ ಹಿಸ್ಟರಿ, ಅಂದರೆ ನೀವು ನೋಡಿದ ಪೇಜುಗಳ ಪಟ್ಟಿ, ಅದರ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಮೈಸೂರು, ಮಂಡ್ಯ ಎರಡೂ ಕಡೆಯಿಂದ ಪತ್ರಗಳು ಬಂದಿವೆ. ಹೆಚ್ಚಿನವರು ಕೇಳಿರುವುದು ಅಳಿಸುವುದು ಹೇಗೆ ಅಂತ. ನೋಡುವುದು ಹೇಗೆ ಅಂತ ಕೇಳಿದವರು ಕಡಿಮೆ. ನನಗೆ ಇದು ತಲೆಕೆಳಗು ಅನ್ನಿಸುತ್ತದೆ. ನಿಮ್ಮ ಹಿಸ್ಟರಿ ಎಲ್ಲೆಲ್ಲಿ ಕೂತಿದೆ ಅಂತ ತಿಳಿಯದೆ ಅಳಿಸಲು ಹೊರಟರೆ ಒಂದು ಕಡೆ ಹೋಗುತ್ತದೆ, ಇನ್ನೊಂದು ಕಡೆ ಹಾಗೇ ಉಳಿಯುತ್ತದೆ. ಬೇಕಾದಾಗ ನಿಮಗೆ ಸಿಗುವುದಿಲ್ಲ, ಬೇಡದವರ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಈ ಸಲದ ಉತ್ತರಗಳಲ್ಲೆಲ್ಲ ನೋಡುವುದೇ ಮೊದಲು. ಹೆಸರು ಹಾಕಬೇಡಿ ಎಂದು ಹಲವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಕಬ್ಬಿಗೆ ಕೆಂಪು ಕೊಳೆ ರೋಗ ಬಿದ್ದಿತ್ತು. ಫೋನಿನಲ್ಲಿ ಹುಡುಕಿದಾಗ ಒಂದು ಪೇಜು ಸಿಕ್ಕಿತ್ತು, ಬಿತ್ತನೆ ತುಂಡು ಹೇಗೆ ಆರಿಸಬೇಕು ಅಂತ ಬಿಡಿಸಿ ಬರೆದಿದ್ದರು. ಮೂರು ವಾರ ಆಯ್ತು. ಈಗ ಎಷ್ಟು ಹುಡುಕಿದರೂ ಆ ಪೇಜು ಬರುತ್ತಿಲ್ಲ. ಫೋನಿನಲ್ಲಿ ಎಲ್ಲಾದರೂ ಉಳಿದಿರುತ್ತದಾ ಸಾರ್?
- ಕಬ್ಬು ಬೆಳೆಗಾರರು, ಪಾಂಡವಪುರ ತಾಲೂಕು

ಉತ್ತರ: ಉಳಿದಿರಲೇಬೇಕು ಯಜಮಾನ್ರೇ, ಮೂರು ವಾರ ಜಾಸ್ತಿಯೇನಲ್ಲ. ಕ್ರೋಮ್ ತನ್ನ ಹಿಸ್ಟರಿಯನ್ನು ಫೋನಿನಲ್ಲಿ ಸುಮಾರು 90 ದಿನ ಇಟ್ಟುಕೊಳ್ಳುತ್ತದೆ. ಕ್ರೋಮ್ ತೆರೆಯಿರಿ, ಮೇಲೆ ಬಲಗಡೆ ಮೂರು ಚುಕ್ಕಿ ಇರುತ್ತದೆ, ಅದನ್ನು ಒತ್ತಿ. ಬರುವ ಪಟ್ಟಿಯಲ್ಲಿ ಹಿಸ್ಟರಿ ಅಂತ ಇರುತ್ತದೆ, ಫೋನು ಕನ್ನಡದಲ್ಲಿದ್ದರೆ ಇತಿಹಾಸ. ಅದರೊಳಗೆ ದಿನಾಂಕದ ಪ್ರಕಾರ ಎಲ್ಲ ಪೇಜುಗಳೂ ಸಾಲಾಗಿವೆ. ಮೇಲೆ ಭೂತಗನ್ನಡಿ ಗುರುತು ಒತ್ತಿದರೆ ಪದ ಹಾಕಿಯೂ ಹುಡುಕಬಹುದು.

ಇಲ್ಲೇ ತುಂಬ ಜನ ಸೋತು ಬಿಟ್ಟುಬಿಡುತ್ತಾರೆ. ಈ ಹುಡುಕಾಟ ಪೇಜಿನ ಒಳಗಿರುವ ಬರಹವನ್ನು ನೋಡುವುದಿಲ್ಲ, ಪೇಜಿನ ತಲೆಬರಹ ಮತ್ತು ವಿಳಾಸ ಎರಡನ್ನೇ ನೋಡುತ್ತದೆ. ನೀವು ಕನ್ನಡದಲ್ಲಿ ಓದಿದ್ದರೂ ತಲೆಬರಹ ಇಂಗ್ಲಿಷಿನಲ್ಲಿ ಇದ್ದಿರಬಹುದು. ಅದಕ್ಕೇ ಕನ್ನಡದಲ್ಲಿ ‘ಕಬ್ಬು’ ಅಂತ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ‘ಶುಗರ್‌ಕೇನ್’ ಅಂತ ಒಮ್ಮೆ, ‘ರೆಡ್ ರಾಟ್’ ಅಂತ ಇನ್ನೊಮ್ಮೆ ಹಾಕಿ ನೋಡಿ. ಕೆಂಪು ಕೊಳೆ ರೋಗಕ್ಕೆ ಇಂಗ್ಲಿಷಿನಲ್ಲಿ ಅದೇ ಹೆಸರು. ಯಾವುದಕ್ಕೂ ಬರದಿದ್ದರೆ ಆ ವಾರದ ದಿನಾಂಕಕ್ಕೆ ಇಳಿದು ಒಂದೊಂದಾಗಿ ಕಣ್ಣಾಡಿಸಿ.

ಅಲ್ಲೂ ಇಲ್ಲವೇ? ಹಾಗಾದರೆ ಆ ಪೇಜನ್ನು ನೀವು ಕ್ರೋಮಿನಲ್ಲಿ ತೆರೆದೇ ಇರಲಿಲ್ಲ ಅನ್ನಿಸುತ್ತದೆ. ಫೇಸ್‌ಬುಕ್ಕಿನಲ್ಲಿ ಯಾರೋ ಹಾಕಿದ ಲಿಂಕ್ ಒತ್ತಿದರೆ ಅದು ಫೇಸ್‌ಬುಕ್ಕಿನ ಒಳಗೇ ತೆರೆಯುತ್ತದೆ, ಕ್ರೋಮಿಗೆ ಸುದ್ದಿಯೇ ಹೋಗುವುದಿಲ್ಲ. ಫೇಸ್‌ಬುಕ್ಕಿನ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಹಿಸ್ಟರಿ ಅಂತ ಬೇರೆಯೇ ಇದೆ, ಅದರಲ್ಲಿ 30 ದಿನದ್ದು ಮಾತ್ರ ಇರುತ್ತದೆ, ಹಾಗಾಗಿ ಇವತ್ತೇ ನೋಡಿ. ಪಿಡಿಎಫ್ ಆಗಿದ್ದರೆ ಫೋನಿನ ಫೈಲ್ಸ್ ಆ್ಯಪಿನಲ್ಲಿ ಡೌನ್‌ಲೋಡ್ಸ್ ಒಳಗೆ ಬಿದ್ದಿರುತ್ತದೆ. ಪೇಜು ಸಿಕ್ಕಿದ ಕೂಡಲೇ ಮೂರು ಚುಕ್ಕಿ ಒತ್ತಿ ನಕ್ಷತ್ರದ ಗುರುತು ಮುಟ್ಟಿ, ಅದು ಬುಕ್‌ಮಾರ್ಕ್ ಆಗಿ ನಿಲ್ಲುತ್ತದೆ, 90 ದಿನದ ಲೆಕ್ಕ ಅದಕ್ಕಿಲ್ಲ. ಇನ್ನೊಂದು ಮಾತು. ರೋಗ ಮತ್ತೆ ಕಂಡಿದ್ದರೆ ಪೇಜು ಸಿಗುವವರೆಗೆ ಕಾಯಬೇಡಿ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಒಂದು ಕಬ್ಬು ತೆಗೆದುಕೊಂಡು ಹೋಗಿ ತೋರಿಸಿ.

ಪ್ರಶ್ನೆ: ಥೀಸಿಸ್ ಬರೆಯುತ್ತಿದ್ದೇನೆ. ಡಿಪಾರ್ಟ್‌ಮೆಂಟಿನ ಕಂಪ್ಯೂಟರಿನಲ್ಲಿ ತುಂಬಾ ಟ್ಯಾಬ್ ತೆರೆದಿದ್ದೆ, ಕರೆಂಟು ಹೋಗಿ ಎಲ್ಲವೂ ಮುಚ್ಚಿಹೋಯಿತು. ವಾಪಸ್ ತರಬಹುದಾ?
- ಸಂಶೋಧನಾ ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು

ಉತ್ತರ: ತರಬಹುದು. ಕರೆಂಟು ಬಂದ ಮೇಲೆ ಬೇರೆ ಏನನ್ನೂ ತೆರೆಯುವ ಮೊದಲು ಕ್ರೋಮ್ ಅಥವಾ ಎಡ್ಜ್ ತೆರೆದು ಕಂಟ್ರೋಲ್, ಶಿಫ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ, ಮುಚ್ಚಿಹೋದ ಟ್ಯಾಬುಗಳು ವಾಪಸ್ ಬರುತ್ತವೆ. ಫೈರ್‌ಫಾಕ್ಸ್ ಆದರೆ ಮೆನುವಿನ ಹಿಸ್ಟರಿಯಲ್ಲಿ ಹಿಂದಿನ ಸೆಷನ್ ವಾಪಸ್ ತರುವ ಆಯ್ಕೆ ಇದೆ. ಅದು ಕೈಕೊಟ್ಟರೆ ಕಂಟ್ರೋಲ್ ಮತ್ತು ಎಚ್. ವಿಂಡೋಸ್‌ನಲ್ಲಿ ಮೂರೂ ಬ್ರೌಸರಿಗೆ ಹಿಸ್ಟರಿ ತೆರೆಯುವ ಕೀಲಿ ಅದೇ. ಆ್ಯಪಲ್ ಮ್ಯಾಕ್‌ನಲ್ಲಿ ಸಫಾರಿ ಮತ್ತು ಕ್ರೋಮ್ ಎರಡಕ್ಕೂ ಕಮಾಂಡ್ ಮತ್ತು ವೈ.

ನಿಮಗೆ ಹಿಸ್ಟರಿ ಇನ್ನೂ ಒಂದು ಕೆಲಸಕ್ಕೆ ಬರುತ್ತದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಥೀಸಿಸ್ಸಿನ ಕೊನೆಯಲ್ಲಿ ಅಂತರ್ಜಾಲದ ಮೂಲ ಕೊಡುವಾಗ ಯಾವ ದಿನ ನೋಡಿದಿರಿ ಅಂತಲೂ ಬರೆಯಬೇಕು ಅಲ್ವಾ. ಸುಮ್ನೆ ಒಂದು ದಿನಾಂಕ ಹಾಕುವವರನ್ನು ನೋಡಿದ್ದೇನೆ, ಅದು ತಪ್ಪು. ಹಿಸ್ಟರಿಯಲ್ಲಿ ದಿನ, ಗಂಟೆ, ನಿಮಿಷ ಸಮೇತ ಇರುತ್ತದೆ, ನೋಡಿ ಬರೆಯಿರಿ. ಆದರೆ ಕ್ರೋಮಿನಲ್ಲಿ 90 ದಿನ ದಾಟಿದ್ದು ಬಿದ್ದುಹೋಗುತ್ತದೆ. ಮ್ಯಾಕ್‌ನ ಸಫಾರಿ ತಾನಾಗಿ ಒಂದು ವರ್ಷ ಇಡುತ್ತದೆ. ಫೈರ್‌ಫಾಕ್ಸಿಗೆ ಇಷ್ಟೇ ದಿನ ಅಂತ ಮಿತಿ ಇಲ್ಲ, ಕಂಪ್ಯೂಟರಿನ ಶಕ್ತಿ ನೋಡಿಕೊಂಡು ಹಳೆಯದನ್ನು ತೆಗೆಯುತ್ತದೆ. ವರ್ಷಗಟ್ಟಲೆ ನಡೆಯುವ ಸಂಶೋಧನೆಗೆ ನಾನಾದರೆ ಫೈರ್‌ಫಾಕ್ಸ್ ಬಳಸುತ್ತೇನೆ, ಅದರ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಬರೆದಿಡುತ್ತೇನೆ. ಪೇಜೇ ಮಾಯವಾಗಿದ್ದರೆ ಅದರ ವಿಳಾಸವನ್ನು, ಹಳೆಯ ಪೇಜುಗಳ ನಕಲು ಇಟ್ಟಿರುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ ನೋಡಿ. ವಿಳಾಸ ಗೊತ್ತಿರಬೇಕಲ್ಲ, ಅದಕ್ಕೂ ಹಿಸ್ಟರಿಯೇ ಬೇಕು.

ಡಿಪಾರ್ಟ್‌ಮೆಂಟಿನ ಕಂಪ್ಯೂಟರನ್ನು ಹತ್ತಾರು ಜನ ಬಳಸುತ್ತಾರೆ. ಅದರಲ್ಲಿ ನಿಮ್ಮ ಸ್ವಂತ ಜಿಮೇಲಿನಿಂದ ಕ್ರೋಮ್ ಸಿಂಕ್ ಆನ್ ಮಾಡಬೇಡಿ. ಮಾಡಿದರೆ ನೀವು ರೂಮಿನಲ್ಲಿ ಕೂತು ಫೋನಿನಲ್ಲಿ ನೋಡಿದ್ದು ಲ್ಯಾಬಿನ ಪರದೆಯಲ್ಲೂ ಕಾಣಬಹುದು.

ಪ್ರಶ್ನೆ: ನನ್ನ ಫೋನಿನಲ್ಲಿ ಏನು ಹುಡುಕಿದರೂ ನಮ್ಮ ಮನೆಯವರಿಗೆ ಗೊತ್ತಾಗುತ್ತಿದೆ. ಮೊನ್ನೆ ಮೈಸೂರಿನಲ್ಲಿ ಒಳ್ಳೆ ಲೇಡಿ ಡಾಕ್ಟರ್ ಯಾರಿದ್ದಾರೆ ಅಂತ ನೋಡಿದ್ದೆ. ಸಂಜೆ ಬಂದು ಯಾಕೆ, ಏನಾಯ್ತು ಅಂತ ಕೇಳಿದರು. ಬೈಯಲಿಲ್ಲ, ಆದರೆ ನನಗೆ ತುಂಬಾ ಮುಜುಗರ ಆಯಿತು. ಅವರು ನನ್ನ ಫೋನು ಮುಟ್ಟುವುದೇ ಇಲ್ಲ. ಮತ್ತೆ ಹೇಗೆ?
- ಗೃಹಿಣಿ, ಶ್ರೀರಂಗಪಟ್ಟಣ

ಉತ್ತರ: ತಂಗಿ, ಬಹುಶಃ ನಿಮ್ಮಿಬ್ಬರ ಫೋನಿನಲ್ಲೂ ಒಂದೇ ಜಿಮೇಲ್ ಇದೆ. ಹೊಸ ಫೋನು ಕೊಂಡಾಗ ಅಂಗಡಿಯವರೇ ಮನೆಯ ಯಜಮಾನರ ಜಿಮೇಲ್ ಹಾಕಿ ಕೊಟ್ಟುಬಿಡುತ್ತಾರೆ. ನಮ್ಮ ಕಡೆ ಇದು ತುಂಬ ಮನೆಗಳಲ್ಲಿದೆ. ಮನೆಯವರೆಲ್ಲ ಸೇರಿ ಒಂದೇ ಪಾಸ್‌ಬುಕ್ಕಿನಲ್ಲಿ ಲೆಕ್ಕ ಬರೆಸಿದಂತೆ ಆಗುತ್ತದೆ. ನೀವು ಹುಡುಕಿದ್ದು ಗೂಗಲ್ ಖಾತೆಗೆ ಸೇರುತ್ತದೆ, ಅದೇ ಖಾತೆ ಅವರ ಫೋನಿನಲ್ಲೂ ಇದೆ, ಅವರು ಹುಡುಕಲು ಬೆರಳಿಟ್ಟ ಕೂಡಲೇ ಹಿಂದೆ ಹುಡುಕಿದ್ದೆಲ್ಲ ಕೆಳಗೆ ಸಾಲಾಗಿ ಬರುತ್ತದೆ. ಅವರು ಬೇಕಂತಲೇ ಇಣುಕಿ ನೋಡಿದ್ದಾರೆ ಅಂತ ಅಂದುಕೊಳ್ಳುವ ಮೊದಲು ಇದನ್ನು ಪರೀಕ್ಷೆ ಮಾಡಿ.

ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಅಂತ ಇರುವುದನ್ನು ಒತ್ತಿ. ಯಾವ ಜಿಮೇಲ್ ಇದೆ ಅಂತ ಮೇಲೇ ಕಾಣುತ್ತದೆ. ಅಲ್ಲಿಂದ ಖಾತೆಯ ಸೆಕ್ಯುರಿಟಿ ಭಾಗಕ್ಕೆ ಹೋದರೆ ಆ ಖಾತೆ ಯಾವ್ಯಾವ ಫೋನು, ಕಂಪ್ಯೂಟರಿನಲ್ಲಿ ತೆರೆದಿದೆ ಅಂತ ಪಟ್ಟಿ ಇರುತ್ತದೆ. ಎರಡು ಫೋನು ಕಂಡರೆ ಉತ್ತರ ಸಿಕ್ಕಿತು.

ಪರಿಹಾರ ಸುಲಭ, ಆದರೆ ಅವಸರ ಬೇಡ. ನಿಮ್ಮ ಹೆಸರಿನಲ್ಲಿ ಬೇರೆ ಜಿಮೇಲ್ ಮಾಡಿಕೊಂಡು ನಿಮ್ಮ ಫೋನಿಗೆ ಸೇರಿಸಿ. ಕ್ರೋಮಿನಲ್ಲಿ ಮೇಲಿರುವ ಚಿತ್ರ ಒತ್ತಿ ಹೊಸ ಖಾತೆಗೆ ಬದಲಿಸಿ. ಗೂಗಲ್ ಆ್ಯಪ್, ಯೂಟ್ಯೂಬ್ ಎರಡರಲ್ಲೂ ಹಾಗೇ ಮಾಡಿ. ಹಳೆಯ ಖಾತೆಯನ್ನು ಫೋನಿನಿಂದ ಕೂಡಲೇ ತೆಗೆಯಬೇಡಿ. ನಿಮ್ಮ ಫೋನ್ ನಂಬರುಗಳು, ಮಕ್ಕಳ ಫೋಟೋಗಳು, ವಾಟ್ಸ್‌ಆ್ಯಪ್ ಬ್ಯಾಕಪ್ ಎಲ್ಲ ಅದರಲ್ಲೇ ಇರಬಹುದು. ಅವನ್ನು ಹೊಸ ಖಾತೆಗೆ ಸಾಗಿಸಿ, ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಹೋಗುವ ಜಿಮೇಲ್ ಬದಲಿಸಿ, ಎಲ್ಲ ಬಂದಿದೆ ಅಂತ ಖಾತ್ರಿ ಆದ ಮೇಲೆ ಹಳೆಯದನ್ನು ತೆಗೆಯಿರಿ. ಹಿಂದೆ ಹುಡುಕಿದ್ದನ್ನು ಅಳಿಸಬೇಕು ಅನ್ನಿಸಿದರೆ ಗೂಗಲ್ ಖಾತೆಯ ಮೈ ಆ್ಯಕ್ಟಿವಿಟಿಯಲ್ಲಿ ಒಂದೊಂದನ್ನೇ ಬೇರೆಬೇರೆಯಾಗಿ ಅಳಿಸಬಹುದು. ಎಲ್ಲವನ್ನೂ ಒರೆಸಿ ಹಾಕಬೇಕಿಲ್ಲ, ಅದರಲ್ಲಿ ಅವರು ಹುಡುಕಿದ್ದೂ ಇರುತ್ತದೆ.

ಡಾಕ್ಟರನ್ನು ಹುಡುಕುವುದು ನಿಮ್ಮ ಸ್ವಂತ ವಿಷಯ, ಅದಕ್ಕೆ ಮುಜುಗರ ಬೇಡ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪು ಮುಖ್ಯವಾಗಿ ಸರ್ಕಾರ ಮತ್ತು ಪ್ರಜೆಗಳ ನಡುವಿನದು. ನಿಮ್ಮ ಮನೆಯಲ್ಲಿ ಅಷ್ಟು ದೂರ ಹೋಗಬೇಕಿಲ್ಲ, ಇಬ್ಬರಿಗೂ ಬೇರೆ ಬೇರೆ ಜಿಮೇಲ್ ಇರಲಿ ಅಂತ ನೇರವಾಗಿ ಹೇಳಿ, ಅವರೂ ಒಪ್ಪುತ್ತಾರೆ ಅಂತ ನಿಮ್ಮ ಪತ್ರದಿಂದ ಅನ್ನಿಸುತ್ತದೆ. ಆದರೆ ಇದನ್ನು ಓದುತ್ತಿರುವ ಬೇರೆ ಹೆಣ್ಣುಮಕ್ಕಳಿಗೆ ಒಂದು ಮಾತು: ಮನೆಯಲ್ಲಿ ಫೋನು ಕಿತ್ತುಕೊಂಡು ನೋಡುವುದು, ಹೆದರಿಸುವುದು, ಹೊಡೆಯುವುದು ನಡೆಯುತ್ತಿದ್ದರೆ ಇದ್ದಕ್ಕಿದ್ದಂತೆ ಖಾತೆ ಬದಲಿಸಬೇಡಿ, ಅದರಿಂದಲೇ ಅನುಮಾನ, ಗಲಾಟೆ ಹೆಚ್ಚಬಹುದು. ನಂಬಿಕೆಯವರ ಫೋನಿನಿಂದ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ. ಜೀವಕ್ಕೆ ಅಪಾಯ ಅನ್ನಿಸಿದರೆ 112.

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ರಾತ್ರಿ ಫೋನು ಹಿಡಿದು ಕೂರುತ್ತಾನೆ. ಬೆಳಿಗ್ಗೆ ನೋಡಿದರೆ ಹಿಸ್ಟರಿ ಖಾಲಿ. ಅವನಿಗೆ ಗೊತ್ತಾಗದಂತೆ ಅವನು ನೋಡಿದ್ದನ್ನು ನಾನು ನೋಡುವ ಆ್ಯಪ್ ಯಾವುದು ಹೇಳಿ.
- ತಂದೆ, ಮಂಡ್ಯ

ಉತ್ತರ: ಅಂಥ ಆ್ಯಪಿನ ಹೆಸರನ್ನು ನಾನು ಹೇಳುವುದಿಲ್ಲ, ಕಾರಣ ಕೇಳಿ. ಗುಟ್ಟಾಗಿ ಕೂರುವ ಆ್ಯಪುಗಳು ಅವನು ನೋಡಿದ್ದನ್ನು ನಿಮಗೆ ಮಾತ್ರ ತೋರಿಸುವುದಿಲ್ಲ. ಅವನ ಫೋಟೋ, ಮೆಸೇಜು, ಅವನು ಓಡಾಡುವ ಜಾಗ ಎಲ್ಲವೂ ನಿಮಗೆ ಗುರುತು ಪರಿಚಯ ಇಲ್ಲದ ಯಾರದೋ ಕಂಪ್ಯೂಟರಿಗೆ ಹೋಗುತ್ತದೆ. ಅವನನ್ನು ಕಾಯಲು ಹೊರಟು ಅವನ ಬದುಕನ್ನೇ ಅಪರಿಚಿತರ ಕೈಗೆ ಕೊಟ್ಟಂತಾಗುತ್ತದೆ. ಅದೂ ಅಲ್ಲದೆ ಈ ವಯಸ್ಸಿನ ಹುಡುಗರು ಅದನ್ನು ಕಂಡುಹಿಡಿಯುತ್ತಾರೆ. ಆಮೇಲೆ ಅವನು ಗೆಳೆಯನ ಫೋನಿನಲ್ಲಿ ನೋಡುತ್ತಾನೆ, ನಿಮ್ಮ ಹತ್ತಿರ ಏನನ್ನೂ ಹೇಳುವುದಿಲ್ಲ. ನಾಳೆ ಯಾರೋ ಅವನ ಫೋಟೋ ಇಟ್ಟುಕೊಂಡು ದುಡ್ಡಿಗೆ ಹೆದರಿಸಿದರೆ ಅವನು ಮೊದಲು ಯಾರ ಹತ್ತಿರ ಓಡಿ ಬರಬೇಕು ಹೇಳಿ?

ಖಾಲಿ ಹಿಸ್ಟರಿ ನೋಡಿ ಕೆಟ್ಟದ್ದೇ ಊಹಿಸಬೇಡಿ ಸಾರ್. ಬ್ರೌಸರಿನಲ್ಲಿ ಇನ್‌ಕಾಗ್ನಿಟೋ ಅನ್ನುವ ಖಾಸಗಿ ಕಿಟಕಿ ಇದೆ, ಅದರಲ್ಲಿ ನೋಡಿದ್ದು ಹಿಸ್ಟರಿಗೆ ಸೇರುವುದೇ ಇಲ್ಲ, ಅದನ್ನು ಆಮೇಲೆ ಬ್ರೌಸರಿನಿಂದ ವಾಪಸ್ ಪಡೆಯುವ ದಾರಿಯೂ ಇಲ್ಲ. ಇನ್ನು ಅವನು ರಾತ್ರಿಯೆಲ್ಲ ಯೂಟ್ಯೂಬಿನಲ್ಲಿ ಕ್ರಿಕೆಟ್ ನೋಡಿದ್ದರೆ, ಆಟ ಆಡಿದ್ದರೆ, ಇನ್‌ಸ್ಟಾಗ್ರಾಂ ರೀಲ್ಸ್ ತಿರುಗಿಸಿದ್ದರೆ ಕ್ರೋಮಿನಲ್ಲಿ ಏನೂ ಇರುವುದಿಲ್ಲ, ಅವು ಬೇರೆ ಆ್ಯಪುಗಳು. ಹದಿನಾಲ್ಕು ವರ್ಷದ ಹುಡುಗ ತನ್ನ ದೇಹದಲ್ಲಿ ಆಗುತ್ತಿರುವ ಬದಲಾವಣೆ ಬಗ್ಗೆ ಓದಿ, ನಾಚಿಕೆಯಿಂದ ಅಳಿಸಿದ್ದರೂ ಇರಬಹುದು. ಮನೆಯಲ್ಲಿ ಕೇಳಲು ಆಗದ್ದನ್ನು ಮಕ್ಕಳು ಗೂಗಲಿಗೆ ಕೇಳುತ್ತಾರೆ.

ನೀವು ಮಾಡಬಹುದಾದ ಕೆಲಸ ಬೇರೆ ಇದೆ, ಎಲ್ಲವೂ ಅವನ ಎದುರಿಗೇ. ಮೊದಲನೆಯದು ರಾತ್ರಿ ಫೋನು. ಹತ್ತು ಗಂಟೆ ಆದ ಮೇಲೆ ಮನೆಯ ಎಲ್ಲರ ಫೋನೂ ಹಾಲಿನಲ್ಲಿ ಚಾರ್ಜಿಗೆ ಹಾಕುವುದು ಅಂತ ಮಾಡಿ. ಎಲ್ಲರದ್ದು ಅಂದರೆ ನಿಮ್ಮದೂ ಸೇರಿ. ನಿಮ್ಮದು ಮಂಚದ ಪಕ್ಕ ಇಟ್ಟುಕೊಂಡು ಅವನದ್ದು ಕಿತ್ತುಕೊಂಡರೆ ಅವನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಎರಡನೆಯದು ಅಶ್ಲೀಲ ಸೈಟುಗಳು ಫೋನಿಗೆ ಬಾರದಂತೆ ತಡೆಯುವುದು. ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸ ಫೋನಿನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಇದೆ. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಫ್ಯಾಮಿಲಿ ಡಾಟ್ ಕ್ಲೌಡ್‌ಫ್ಲೇರ್ ಹೈಫನ್ ಡಿಎನ್‌ಎಸ್ ಡಾಟ್ ಕಾಮ್’ ಅಂತ ಹಾಕಿ. ಕ್ಲೌಡ್‌ಫ್ಲೇರ್ ಕಂಪನಿ 2020ರಿಂದ ಇದನ್ನು ಪುಕ್ಕಟೆ ಕೊಡುತ್ತಿದೆ. ಮನೆಯ ವೈಫೈ ರೂಟರಿನಲ್ಲಿ ಹಾಕುವುದಾದರೆ ಡಿಎನ್‌ಎಸ್ ಜಾಗದಲ್ಲಿ 1.1.1.3. ಇದಕ್ಕೆ ಇನ್‌ಕಾಗ್ನಿಟೋ ಲೆಕ್ಕಕ್ಕಿಲ್ಲ, ಬ್ರೌಸರ್ ಯಾವುದಾದರೂ ಸಾಮಾನ್ಯವಾಗಿ ತಡೆಯುತ್ತದೆ. ಜಾಣ ಹುಡುಗ ಸೆಟ್ಟಿಂಗ್ ತೆಗೆಯಬಹುದು, ನಿಜ. ಅದಕ್ಕೇ ಅವನಿಗೆ ಹೇಳಿಯೇ ಹಾಕಿ, ಯಾಕೆ ಅಂತಲೂ ಹೇಳಿ. ಮನೆಯಲ್ಲಿ ಇನ್ನೂ ಚಿಕ್ಕ ಮಕ್ಕಳಿದ್ದರೆ ಗೂಗಲಿನ ಫ್ಯಾಮಿಲಿ ಲಿಂಕ್ ಹಾಕಬಹುದು. ಅದರಲ್ಲಿ ಮಗುವಿನ ಖಾತೆಗೆ ಇನ್‌ಕಾಗ್ನಿಟೋ ಇರುವುದೇ ಇಲ್ಲ, ಮತ್ತು ಅಪ್ಪ ಅಮ್ಮ ನೋಡುತ್ತಿದ್ದಾರೆ ಅನ್ನುವುದು ಮಗುವಿಗೂ ಗೊತ್ತಿರುತ್ತದೆ. ಇದು ನನಗೆ ಒಪ್ಪಿಗೆ. ಗುಟ್ಟು ಒಪ್ಪಿಗೆ ಇಲ್ಲ.

ಮೂರನೆಯದು ನಿಮಗೆ ಕಷ್ಟ ಆಗಬಹುದು. ಒಂದು ಸಂಜೆ ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಕೆ.ಆರ್.ಎಸ್ ಕಡೆ ಹೋಗಿ. ‘ರಾತ್ರಿ ಏನು ನೋಡ್ತೀಯಪ್ಪಾ, ನಿದ್ದೆ ಕೆಡ್ತಾ ಇದೆ, ನನಗೆ ಭಯ ಆಗುತ್ತೆ’ ಅಂತ ಕೇಳಿ. ಬೈಯುವುದಕ್ಕಿಂತ ಮೊದಲು ಭಯ ಆಗುತ್ತೆ ಅಂತ ಅಪ್ಪನ ಬಾಯಲ್ಲಿ ಬಂದರೆ ಮಕ್ಕಳು ಕೇಳಿಸಿಕೊಳ್ಳುತ್ತಾರೆ.

ಪ್ರಶ್ನೆ: ಮೈಸೂರಿನ ಒಂದು ಸೈಬರ್ ಸೆಂಟರಿನಲ್ಲಿ ಕೆಲಸಕ್ಕೆ ಅರ್ಜಿ ಹಾಕಿದೆ. ಆಧಾರ್, ಮಾರ್ಕ್ಸ್ ಕಾರ್ಡ್ ಎಲ್ಲ ಅಪ್‌ಲೋಡ್ ಮಾಡಿದೆ. ನಾನು ಎದ್ದು ಬಂದ ಮೇಲೆ ಅದೆಲ್ಲ ಅಲ್ಲೇ ಇರುತ್ತದಾ?
- ಪದವೀಧರ, ನಂಜನಗೂಡು

ಉತ್ತರ: ಇರುತ್ತದೆ. ನೀವು ಯಾವ ಸೈಟು ನೋಡಿದಿರಿ ಅನ್ನುವ ಹಿಸ್ಟರಿಯನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು ಅಂತ ಕೇಂದ್ರ ಸರ್ಕಾರದ 2011ರ ಸೈಬರ್ ಕೆಫೆ ನಿಯಮಗಳೇ ಹೇಳುತ್ತವೆ. ಬಂದವರ ಗುರುತಿನ ಚೀಟಿ ನೋಡಿ ದಾಖಲಿಸುವುದೂ ಅದೇ ನಿಯಮದ್ದು. ಅದು ಅಪರಾಧ ನಡೆದರೆ ಪತ್ತೆ ಮಾಡಲು, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಡೌನ್‌ಲೋಡ್ಸ್ ಫೋಲ್ಡರಿನ ಬಗ್ಗೆ. ನಿಮ್ಮ ಆಧಾರ್ ಪಿಡಿಎಫ್ ಅಲ್ಲೇ ಬಿದ್ದಿದ್ದರೆ ನಿಮ್ಮ ನಂತರ ಕೂತವರು ಅದನ್ನು ತೆರೆಯಬಹುದು. ಎದ್ದು ಬರುವ ಮೊದಲು ಡೌನ್‌ಲೋಡ್ಸ್, ಡೆಸ್ಕ್‌ಟಾಪ್ ಎರಡರಿಂದಲೂ ನಿಮ್ಮ ಫೈಲು ತೆಗೆದು, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ. ಮುಂದಿನ ಸಲ ಕೂತ ಕೂಡಲೇ ಕಂಟ್ರೋಲ್, ಶಿಫ್ಟ್, ಎನ್ ಒತ್ತಿ ಕ್ರೋಮಿನ ಇನ್‌ಕಾಗ್ನಿಟೋ ಕಿಟಕಿಯಲ್ಲೇ ಕೆಲಸ ಮಾಡಿ, ಮುಗಿದ ಮೇಲೆ ಮುಚ್ಚಿ. ಪಾಸ್‌ವರ್ಡ್ ಸೇವ್ ಮಾಡಲಾ ಅಂತ ಕೇಳಿದರೆ ಬೇಡ ಅನ್ನಿ. ಫೋಟೋ ಕಳಿಸಲು ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದಿರಾ? ಈಗಲೇ ನಿಮ್ಮ ಫೋನಿನ ವಾಟ್ಸ್‌ಆ್ಯಪಿನಲ್ಲಿ ಲಿಂಕ್ಡ್ ಡಿವೈಸಸ್ ನೋಡಿ. ಆ ಸೆಂಟರಿನ ಕಂಪ್ಯೂಟರ್ ಇನ್ನೂ ಅಲ್ಲಿ ಕಂಡರೆ ಲಾಗ್ ಔಟ್ ಮಾಡಿ.

ಪ್ರಶ್ನೆ: ಕಂಪನಿ ಲ್ಯಾಪ್‌ಟಾಪಿನಲ್ಲಿ ಇನ್‌ಕಾಗ್ನಿಟೋದಲ್ಲಿ ಬೇರೆ ಕೆಲಸ ಹುಡುಕಿದರೆ ಮ್ಯಾನೇಜರಿಗೆ ಗೊತ್ತಾಗುತ್ತದಾ?
- ಉದ್ಯೋಗಿ, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಉತ್ತರ: ಗೊತ್ತಾಗಬಹುದು. ಇನ್‌ಕಾಗ್ನಿಟೋ ಮರೆಮಾಡುವುದು ಅದೇ ಕಂಪ್ಯೂಟರಿನಲ್ಲಿ ಮುಂದೆ ಕೂರುವವರಿಂದ ಮಾತ್ರ. ನೀವು ಹೋದ ಸೈಟು, ಇಂಟರ್ನೆಟ್ ಕೊಡುವ ಕಂಪನಿ, ಆಫೀಸಿನ ನೆಟ್‌ವರ್ಕ್ ಇವಕ್ಕೆ ನೀವು ಕಾಣುತ್ತಲೇ ಇರುತ್ತೀರಿ. ವಿಳಾಸ ‘ಎಚ್‌ಟಿಟಿಪಿಎಸ್’ ಅಂತ ಶುರುವಾಗುವ ಸೈಟಿನಲ್ಲಿ ಯಾವ ಪೇಜು ಓದಿದಿರಿ ಅಂತ ನೆಟ್‌ವರ್ಕಿಗೆ ಸಾಮಾನ್ಯವಾಗಿ ಕಾಣುವುದಿಲ್ಲ, ಯಾವ ಸೈಟು ಅಂತ ಕಾಣುತ್ತದೆ. ಆದರೆ ಕಂಪನಿ ಲ್ಯಾಪ್‌ಟಾಪಿನಲ್ಲಿ ಅವರದೇ ನಿಗಾ ಸಾಫ್ಟ್‌ವೇರ್ ಇದ್ದರೆ ಪೇಜೂ ಕಾಣಬಹುದು. ಕ್ರೋಮಿಗೆ ಇನ್‌ಕಾಗ್ನಿಟೋ ಬಂದದ್ದು 2008ರಲ್ಲಿ. ಅದರಲ್ಲೂ ಗೂಗಲ್ ನಮ್ಮ ಮಾಹಿತಿ ಸಂಗ್ರಹಿಸುತ್ತಿದೆ ಅಂತ 2020ರಲ್ಲಿ ಅಮೆರಿಕದಲ್ಲಿ ಕೇಸು ಬಿತ್ತು, 2024ರಲ್ಲಿ ರಾಜಿಯಾಗಿ ನೂರಾರು ಕೋಟಿ ದಾಖಲೆಗಳನ್ನು ನಾಶ ಮಾಡಲು ಗೂಗಲ್ ಒಪ್ಪಿಕೊಂಡಿತು. ಕೆಲಸ ಹುಡುಕುವುದನ್ನು ನಿಮ್ಮ ಸ್ವಂತ ಫೋನಿನಲ್ಲಿ, ನಿಮ್ಮ ಸ್ವಂತ ಡೇಟಾದಲ್ಲಿ ಮಾಡಿ.

ಪ್ರಶ್ನೆ: ದಸರಾ ನೋಡಲು ಹುಬ್ಬಳ್ಳಿಯಿಂದ ನೆಂಟರು ಬರುವವರಿದ್ದರು. ಮೈಸೂರಿನಲ್ಲಿ ರೂಮಿಗೆ ಅಂತ ಒಂದು ವೆಬ್‌ಸೈಟಿನಲ್ಲಿ ಯುಪಿಐ ಮೂಲಕ ಅಡ್ವಾನ್ಸ್ ಕಟ್ಟಿದೆ. ಆಮೇಲೆ ಫೋನ್ ಎತ್ತಲಿಲ್ಲ. ಲಾಡ್ಜಿಗೆ ಹೋಗಿ ಕೇಳಿದರೆ ಅದು ನಮ್ಮ ಸೈಟೇ ಅಲ್ಲ ಅಂದರು. ಫೋನಿಗೆ ವೈರಸ್ ಬಂದಿರಬಹುದು ಅಂತ ಹೆದರಿ ಹಿಸ್ಟರಿ ಎಲ್ಲ ಅಳಿಸಿಬಿಟ್ಟೆ. ಈಗ ದೂರು ಕೊಡಬಹುದಾ?
- ಅಂಗಡಿ ಮಾಲೀಕರು, ಮದ್ದೂರು

ಉತ್ತರ: ಕೊಡಬಹುದು, ಕೊಡಲೇಬೇಕು. ಇನ್ನೂ ಕೊಟ್ಟಿಲ್ಲದಿದ್ದರೆ ಈ ಪತ್ರಿಕೆ ಪಕ್ಕಕ್ಕಿಟ್ಟು 1930ಕ್ಕೆ ಫೋನ್ ಮಾಡಿ, ಉಳಿದದ್ದು ಆಮೇಲೆ ಓದಿ. ಸೈಬರ್ ವಂಚನೆಗೆ ಇಡೀ ದೇಶಕ್ಕೆ ಇರುವ ಸಹಾಯವಾಣಿ ಅದು. ದುಡ್ಡು ಮುಂದಿನ ಖಾತೆಗಳಿಗೆ ಹಾರುವ ಮೊದಲು ತಡೆಹಿಡಿಯಲು ಅವರು ಬ್ಯಾಂಕುಗಳಿಗೆ ತಿಳಿಸುತ್ತಾರೆ. ಗಂಟೆಗಳ ಲೆಕ್ಕದಲ್ಲಿ ಹೇಳಿದರೆ ಸಿಗುವ ಸಾಧ್ಯತೆ ಜಾಸ್ತಿ, ತಡವಾದಷ್ಟೂ ಕಡಿಮೆ. ಜೊತೆಗೆ ನಿಮ್ಮ ಬ್ಯಾಂಕಿಗೂ ತಿಳಿಸಿ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲಿನಲ್ಲಿ ಬರವಣಿಗೆಯ ದೂರು ಹಾಕಬಹುದು, ಅಥವಾ ಮಂಡ್ಯದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಬಹುದು.

ಈಗ ಸಾಕ್ಷಿಯ ವಿಷಯ. ಫೋನಿನ ಹಿಸ್ಟರಿ ಅಳಿಸಿದರೂ ಎಲ್ಲವೂ ಹೋಗಿರುವುದಿಲ್ಲ. ನೀವು ಗೂಗಲಿನಲ್ಲಿ ರೂಮ್ ಅಂತ ಹುಡುಕಿದ್ದು ಗೂಗಲ್ ಖಾತೆಯ ಮೈ ಆ್ಯಕ್ಟಿವಿಟಿಯಲ್ಲಿ ಬೇರೆಯಾಗಿ ಇದ್ದಿರಬಹುದು, ಆ ದಿನದ ದಿನಾಂಕಕ್ಕೆ ಹೋಗಿ ನೋಡಿ. ಅಲ್ಲಿ ಸೈಟಿನ ವಿಳಾಸ ಸಿಕ್ಕಿದರೆ ಮತ್ತೆ ಒತ್ತಿ ಒಳಗೆ ಹೋಗಬೇಡಿ, ಸ್ಕ್ರೀನ್‌ಶಾಟ್ ತೆಗೆದು ವಿಳಾಸವನ್ನು ಅಕ್ಷರ ತಪ್ಪದಂತೆ ಬರೆದುಕೊಳ್ಳಿ. ಇಂಥ ಸೈಟುಗಳಲ್ಲಿ ಲಾಡ್ಜಿನ ನಿಜವಾದ ಹೆಸರಿಗೆ ಒಂದೇ ಒಂದು ಅಕ್ಷರ ಜಾಸ್ತಿ ಇರುವುದುಂಟು, ಪೊಲೀಸರಿಗೆ ಬೇಕಾದದ್ದು ಆ ಒಂದು ಅಕ್ಷರ. ಯುಪಿಐ ಆ್ಯಪಿನಲ್ಲಿ ಆ ಪಾವತಿಯನ್ನು ಒತ್ತಿದರೆ 12 ಅಂಕಿಯ ವಹಿವಾಟು ಸಂಖ್ಯೆ, ದುಡ್ಡು ಹೋದ ಯುಪಿಐ ವಿಳಾಸ, ಸಮಯ ಎಲ್ಲವೂ ಇದೆ. ಬ್ಯಾಂಕಿನ ಎಸ್‌ಎಂಎಸ್, ಅವರ ಜೊತೆ ಆದ ವಾಟ್ಸ್‌ಆ್ಯಪ್ ಮಾತು, ಅವರು ಕಳಿಸಿದ ರಸೀದಿ ಯಾವುದನ್ನೂ ಅಳಿಸಬೇಡಿ. ಅವರ ನಂಬರನ್ನು ಬ್ಲಾಕ್ ಮಾಡುವ ಮೊದಲು ಚಾಟ್ ಪೂರ್ತಿ ಸ್ಕ್ರೀನ್‌ಶಾಟ್ ಇರಲಿ.

ಇನ್ನು ವೈರಸ್ ಭಯ. ಹಿಸ್ಟರಿ ಅಳಿಸಿದರೆ ವೈರಸ್ ಹೋಗುವುದಿಲ್ಲ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆ ಸೈಟಿನಿಂದ ಯಾವುದಾದರೂ ಆ್ಯಪ್ ಹಾಕಿಕೊಂಡಿದ್ದಿರಾ ಅಂತ ಮಾತ್ರ ಯೋಚಿಸಿ. ಹಾಕಿಕೊಂಡಿದ್ದರೆ ಮೊದಲು ಇಂಟರ್ನೆಟ್ ಆಫ್ ಮಾಡಿ ಆ್ಯಪಿನ ಹೆಸರು ಬರೆದುಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆದು ಆಮೇಲೆ ಅದನ್ನು ಅಳಿಸಿ, ಯುಪಿಐ ಪಿನ್ ಅನ್ನು ಬೇರೆ ಫೋನಿನಿಂದ ಅಥವಾ ಬ್ಯಾಂಕಿನಲ್ಲೇ ಬದಲಿಸಿ. ದಸರಾ ಸಮಯದಲ್ಲಿ ರೂಮಿಗೆ ಪರದಾಡುವ ಎಲ್ಲರಿಗೂ ಹೇಳುತ್ತೇನೆ, ದುಡ್ಡು ಕಟ್ಟುವ ಮೊದಲು ಲಾಡ್ಜಿಗೆ ನೇರವಾಗಿ ಫೋನ್ ಮಾಡಿ. ಆ ನಂಬರನ್ನು ಅದೇ ಸೈಟಿನಿಂದ ತೆಗೆದುಕೊಳ್ಳಬೇಡಿ, ಮೈಸೂರಿನಲ್ಲಿ ಪರಿಚಯದವರಿದ್ದರೆ ಅವರಿಂದ ವಿಚಾರಿಸಿ.

ಪ್ರಶ್ನೆ: ನಾನು ಯೂಟ್ಯೂಬಿನಲ್ಲಿ ದಾಸರ ಪದ, ವಚನ ಕೇಳುತ್ತೇನೆ. ಮೊಮ್ಮಕ್ಕಳು ರಜಕ್ಕೆ ಬಂದು ಹೋದ ಮೇಲೆ ಬರೀ ಕಾರ್ಟೂನು ಬರುತ್ತಿದೆ. ಏನು ಮಾಡಲಿ?
- ನಿವೃತ್ತ ಶಿಕ್ಷಕರು, ಸರಸ್ವತಿಪುರಂ, ಮೈಸೂರು

ಉತ್ತರ: ಮೇಷ್ಟ್ರೇ, ಯೂಟ್ಯೂಬಿಗೆ ತನ್ನದೇ ಹಿಸ್ಟರಿ ಇದೆ, ಕ್ರೋಮಿನದ್ದನ್ನು ಅಳಿಸಿದರೆ ಅದು ಹೋಗುವುದಿಲ್ಲ. ಯೂಟ್ಯೂಬಿನ ಕೆಳಗೆ ಬಲಮೂಲೆಯಲ್ಲಿ ನಿಮ್ಮ ಚಿತ್ರ ಇರುವ ಕಡೆ ಒತ್ತಿ, ಹಿಸ್ಟರಿ ತೆರೆಯಿರಿ. ಒಂದೊಂದು ಕಾರ್ಟೂನಿನ ಪಕ್ಕದ ಮೂರು ಚುಕ್ಕಿ ಒತ್ತಿ ತೆಗೆದುಹಾಕಿ. ಮಕ್ಕಳು ತುಂಬ ನೋಡಿದ್ದರೆ ಬೇಸರದ ಕೆಲಸ, ಆದರೂ ಇದೇ ಒಳ್ಳೆಯದು. ಪೂರ್ತಿ ಹಿಸ್ಟರಿ ಅಳಿಸಿ ಆಫ್ ಮಾಡಿದರೆ ನಿಮ್ಮ ದಾಸರ ಪದಗಳ ಗುರುತೂ ಹೋಗುತ್ತದೆ, 2023ರಿಂದ ಈಚೆಗೆ ಹಾಗೆ ಆಫ್ ಮಾಡಿದವರ ಮುಖಪುಟದಲ್ಲಿ ಯೂಟ್ಯೂಬ್ ಯಾವ ವಿಡಿಯೋವನ್ನೂ ಸೂಚಿಸದೆ ಖಾಲಿ ಬಿಡುತ್ತದೆ. ಮುಂದಿನ ರಜಕ್ಕೆ ಮಕ್ಕಳು ಬಂದಾಗ ಅದೇ ಹಿಸ್ಟರಿ ಪೇಜಿನ ಸೆಟ್ಟಿಂಗ್ಸ್‌ನಲ್ಲಿ ಹಿಸ್ಟರಿಯನ್ನು ಪಾಜ್ ಮಾಡಿ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸಿ, ಫೋನು ಕೊಡಿ, ಅವರು ಊರಿಗೆ ಹೋದ ಮೇಲೆ ಮತ್ತೆ ಆನ್ ಮಾಡಿಕೊಳ್ಳಿ. ಅಥವಾ ಅವರಿಗೆ ಯೂಟ್ಯೂಬ್ ಕಿಡ್ಸ್ ಅನ್ನುವ ಬೇರೆ ಆ್ಯಪ್ ಹಾಕಿಕೊಡಿ.